ಒಣಗದೆ ಹೋದ ಸ್ಯಾಂಪಲ್ಲು

ನಿವೃತ್ತಿಯಾದ ಮೇಲೆ ಶಿವಮೊಗ್ಗದ ರಾಗಿಗುಡ್ಡದ ನಮ್ಮ ಬೀದಿಯಲ್ಲಿ ನನಗೊಂದು ಹೊಸ ಉದ್ಯೋಗ ಸಿಕ್ಕಿದೆ. ಮೊಣಕಾಲೋ ಸೊಂಟವೋ ಕುತ್ತಿಗೆಯೋ ನೋಯುವವರೆಲ್ಲ ಸ್ಕ್ಯಾನಿಂಗ್ ಫಿಲ್ಮ್ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂರುತ್ತಾರೆ. ಮೇಡಂ ಮ್ಯಾಗ್ನೆಟ್ ಮಷಿನ್ನಿನ ಕೆಲಸದಲ್ಲೇ ಇದ್ದವರು, ಒಂಚೂರು ನೋಡಿ ಹೇಳಲಿ ಎಂಬ ಆಸೆ ಅವರದು. ನಾನು ಜೀವಮಾನವೆಲ್ಲ ನೋಡಿದ್ದು ಬಿದಿರು, ಕಬ್ಬಿನ ಸಿಪ್ಪೆ, ಅಡಿಕೆ ಹಾಳೆ ಇವುಗಳ ಒಳಗನ್ನೇ ಹೊರತು ಮನುಷ್ಯರ ಮೂಳೆಯನ್ನಲ್ಲ ಎಂದರೆ ಯಾರೂ ನಂಬುವುದಿಲ್ಲ. ಹೇಳಲು ಇಷ್ಟವಿಲ್ಲದೆ ಜಾರಿಕೊಳ್ಳುತ್ತಿದ್ದಾಳೆ ಎಂದುಕೊಂಡು ಎದ್ದು ಹೋಗುತ್ತಾರೆ.

ಅವರ ತಪ್ಪಲ್ಲ. ಆಸ್ಪತ್ರೆಯ ಎಂ.ಆರ್.ಐ.ಗೂ ನಮ್ಮ ಎನ್.ಎಂ.ಆರ್.ಗೂ ಬೇರು ಒಂದೇ. ದೊಡ್ಡ ಆಯಸ್ಕಾಂತದೊಳಗೆ ವಸ್ತುವನ್ನಿಟ್ಟು, ರೇಡಿಯೋ ಅಲೆಯಿಂದ ತಟ್ಟಿ, ಅದರ ಪರಮಾಣುಗಳು ಕೊಡುವ ಉತ್ತರವನ್ನು ಕೇಳಿಸಿಕೊಳ್ಳುವುದು. ಅವರಿಗೆ ಚಿತ್ರ ಬರುತ್ತದೆ, ನಮಗೆ ಏರಿಳಿಯುವ ಒಂದು ಗೆರೆ ಬರುತ್ತದೆ. ಆ ಗೆರೆಯನ್ನು ಓದುವುದೇ ನಮ್ಮ ಹೊಟ್ಟೆಪಾಡು.

ಈಗ ನಾರಿನ ರಸಾಯನಶಾಸ್ತ್ರಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಬಹುದು ಎಂಬ ಆಸೆಯಿಂದ ಇನ್ನೊಂದು ಮಾತು ಬಿಡಿಸಿ ಹೇಳುತ್ತೇನೆ. ಗಿಡಮರಗಳ ನಾರೆಲ್ಲ ಬಹುಪಾಲು ಸೆಲ್ಯುಲೋಸ್. ಅದರ ಉದ್ದುದ್ದ ಎಳೆಗಳು ಸೌದೆ ಹೊರೆಯ ಹಾಗೆ ಒತ್ತೊತ್ತಾಗಿ ಕಟ್ಟಿಕೊಂಡಿರುತ್ತವೆ. ಹೊರೆಯ ಒಳಗೆ ಸಿಕ್ಕಿಕೊಂಡವು ಸಾಲು ತಪ್ಪುವಂತಿಲ್ಲ, ಅವೇ ಸ್ಫಟಿಕ. ಅಂಚಿನಲ್ಲಿರುವವಕ್ಕೆ ಅಷ್ಟು ಶಿಸ್ತಿಲ್ಲ. ನಮ್ಮ ಗೆರೆಯಲ್ಲಿ ಒಳಗಿನವರಿಗೆ ಒಂದು ಚೂಪು ಶಿಖರ, ಪಕ್ಕದಲ್ಲೇ ಅಂಚಿನವರಿಗೆ ಒಂದು ಅಗಲವಾದ ದಿಬ್ಬ. ನಾರಿಗೆ ಹಬೆ ಕೊಟ್ಟಾಗಲೋ ಕ್ಷಾರದಲ್ಲಿ ನೆನೆಸಿದಾಗಲೋ ಒಳಗಿನವರು ಹೆಚ್ಚಾದರೇ, ಅಂಚಿನವರು ಹೆಚ್ಚಾದರೇ ಎಂದು ನೋಡಬೇಕು. ಕೇಳಲು ಇಷ್ಟೇ. ಮಾಡಲು ಹೋದರೆ ಜನ್ಮ ಹಿಡಿಯುತ್ತದೆ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಭದ್ರಾವತಿಯ ಕಡೆ ಒಂದು ಕಾಗದದ ಕಾರ್ಖಾನೆಯ ಪ್ರಯೋಗಾಲಯಕ್ಕೆ. ಆಮೇಲೆ ಶಿವಮೊಗ್ಗದಲ್ಲಿ ಒಂದು ಸಣ್ಣ ನಾರು ಸಂಶೋಧನಾ ಪ್ರಯೋಗಾಲಯ ಶುರುವಾದಾಗ ಅಲ್ಲಿಗೆ ಬಂದೆ. ಅದರ ಮುಖ್ಯಸ್ಥರು ಶ್ರೀಕಂಠಯ್ಯ ಸರ್. ಅವರೂ ಕಾರ್ಖಾನೆಯಲ್ಲೇ ಪಳಗಿದವರು, ಅಲ್ಲಿಯೂ ನನಗೆ ಮೇಲಧಿಕಾರಿಯಾಗಿದ್ದವರು. ಕೆಲಸದಲ್ಲಿ ಹುಲಿ, ಮಾತಿನಲ್ಲಿಯೂ ಹುಲಿ. ತ್ಯಾವರೆಕೊಪ್ಪದ ಸಫಾರಿಯ ಹುಲಿಗಾದರೂ ಬೇಲಿ ಇದೆ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು.

ನಮ್ಮಲ್ಲಿ ಎನ್.ಎಂ.ಆರ್. ಯಂತ್ರ ಇರಲಿಲ್ಲ. ಅದಿದ್ದದ್ದು ಬೆಂಗಳೂರಿನಲ್ಲಿ. ಅಲ್ಲಿ ನಮಗೆ ಯಾವಾಗ ಸಮಯ ಕೊಡುತ್ತಾರೋ ಆಗ ಸ್ಯಾಂಪಲ್ಲುಗಳನ್ನು ಚೀಲದಲ್ಲಿಟ್ಟುಕೊಂಡು ರೈಲು ಹತ್ತಬೇಕು. ಮೊದಲ ಸಲ ಹೋದಾಗ ಯಂತ್ರ ನಡೆಸುವ ಪ್ರಭಾಕರ್ ನನ್ನನ್ನು ಬಾಗಿಲಲ್ಲೇ ತಡೆದು, ಕೀಲಿಕೈ, ವಾಚು, ಬ್ಯಾಂಕ್ ಕಾರ್ಡು ಎಲ್ಲ ಹೊರಗಿಡಿಸಿದರು. ಸೆರಗಿನ ಪಿನ್ನು, ತಲೆಯ ಕ್ಲಿಪ್ಪು ಕೂಡ ತೆಗೆಯಬೇಕು ಎಂದಾಗ ನನಗೆ ಸಿಟ್ಟು ಬಂತು. ಸೀರೆ ಉಡುವ ಹೆಂಗಸು ಪಿನ್ನಿಲ್ಲದೆ ಇಡೀ ದಿನ ಹೇಗೆ ಓಡಾಡಬೇಕು ಎಂಬ ಯೋಚನೆ ಆ ಕಟ್ಟಡ ಕಟ್ಟಿದವರಿಗೆ ಬಂದೇ ಇರಲಿಲ್ಲ. ಮುಂದಿನ ಸಲದಿಂದ ಚೂಡಿದಾರ್ ಹಾಕಿಕೊಂಡು ಹೋಗತೊಡಗಿದೆ. ವಿಜ್ಞಾನ ನನ್ನಲ್ಲಿ ತಂದ ಮೊದಲ ಬದಲಾವಣೆ ಅದು.

ಸ್ಯಾಂಪಲ್ಲನ್ನು ತುಂಬುವ ಕೊಳವೆ ಬಳಪದ ತುಂಡಿಗಿಂತ ಚಿಕ್ಕದು. ಅದಕ್ಕೆ ರೋಟರ್ ಎನ್ನುತ್ತಾರೆ. ಆಯಸ್ಕಾಂತದೊಳಗೆ ಅದು ಓರೆಯಾಗಿ ನಿಂತು ಸೆಕೆಂಡಿಗೆ ಸಾವಿರಾರು ಸುತ್ತು ತಿರುಗುತ್ತದೆ. ಒಳಗೆ ತುಂಬಿದ್ದು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆಯಾದರೆ ಮುಗಿಯಿತು. ಒಮ್ಮೆ ಶ್ರೀಕಂಠಯ್ಯ ಸರ್ ತಾವೇ ಬಂದು, ನಾರು ತುಂಬುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದು ಪ್ರಭಾಕರ್ ಕೈಯಿಂದ ಕೊಳವೆ ಕಿತ್ತುಕೊಂಡು ತುಂಬಿದರು. ಯಂತ್ರ ವೇಗ ಹಿಡಿಯುವಾಗಲೇ ಒಳಗಿಂದ ಟಪ್ ಎಂದು ಸದ್ದಾಯಿತು. ಕೊಳವೆ ಚೂರುಚೂರು. ಅದನ್ನೆಲ್ಲ ಬಿಚ್ಚಿ ಸ್ವಚ್ಛ ಮಾಡುವಷ್ಟರಲ್ಲಿ ನಮ್ಮ ಸಮಯವೂ ಮುಗಿಯಿತು. ವಾಪಸ್ ಬರುವ ರೈಲಿನಲ್ಲಿ ಸರ್ ತರೀಕೆರೆ ದಾಟುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ, ಆ ಕೊಳವೆ ಮೊದಲೇ ಬಿರುಕು ಬಿಟ್ಟಿತ್ತು ಕಣ್ರೀ ಎಂದರು. ನಾನು ಹೌದು ಸರ್ ಎಂದೆ. ಮೇಲಧಿಕಾರಿಗಳ ಜೊತೆ ಬಾಳುವೆ ಮಾಡಲು ಇಂಥ ಹೌದುಗಳು ಬೇಕಾಗುತ್ತವೆ.

ಆಗ ಫಲಿತಾಂಶ ಕಾಗದದ ಮೇಲೆ ಮುದ್ರಣವಾಗಿ ಬರುತ್ತಿತ್ತು. ಅದನ್ನು ಕಿಟಕಿಯ ಗಾಜಿಗೆ ಹಿಡಿದು, ಒಂದರ ಮೇಲೊಂದು ಇಟ್ಟು ಹೋಲಿಸುತ್ತಿದ್ದೆವು. ಈಗ ರೈಲು ಶಿವಮೊಗ್ಗ ತಲುಪುವ ಮುಂಚೆಯೇ ಫೋನಿಗೆ ಬಂದು ಬಿದ್ದಿರುತ್ತದೆ. ಕಂಪ್ಯೂಟರೇ ಶಿಖರ ದಿಬ್ಬಗಳನ್ನು ಬೇರೆ ಮಾಡಿ, ಯಾವುದು ಎಷ್ಟೆಂದು ಲೆಕ್ಕ ಹಾಕಿಕೊಡುತ್ತದೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಗೆರೆಯನ್ನು ಮೊದಲು ಸ್ವಂತ ಕಣ್ಣಿನಿಂದ ಸಾಕಷ್ಟು ಹೊತ್ತು ನೋಡಿ, ಆಮೇಲೆ ಕಂಪ್ಯೂಟರಿನ ಮಾತು ಕೇಳಿ.

ಇನ್ನು ನಮ್ಮ ಓವನ್ನಿನ ವಿಷಯ. ಕಾಗದದ ಕಾರ್ಖಾನೆಯಲ್ಲಿ ಬೆಳೆದವರಿಗೆ ನೀರೆಂದರೆ ವೈರಿ. ಕಾಗದ ಮಾಡುವ ತಿರುಳನ್ನು ಕೊಳ್ಳುವವರು ನೀರಿಗೆ ದುಡ್ಡು ಕೊಡುವುದಿಲ್ಲವಾದ್ದರಿಂದ ಅಲ್ಲಿ ಏನನ್ನೇ ಅಳೆಯುವ ಮುಂಚೆ ನೂರಾ ಐದು ಡಿಗ್ರಿಯ ಓವನ್ನಿನಲ್ಲಿಟ್ಟು ಪೂರ್ತಿ ಒಣಗಿಸುತ್ತಾರೆ. ಇದಕ್ಕೆ ಬೋನ್ ಡ್ರೈ ಎನ್ನುತ್ತೇವೆ. ನಮಗೆಲ್ಲ ಅದು ಊಟಕ್ಕೆ ಮುಂಚೆ ಕೈ ತೊಳೆಯುವ ಹಾಗೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಶಿವಮೊಗ್ಗಕ್ಕೆ ಬಂದಾಗ ನಾವು ಆ ಅಭ್ಯಾಸವನ್ನೂ ಗಂಟು ಕಟ್ಟಿಕೊಂಡು ಬಂದೆವು. ಒದ್ದೆ ಸ್ಯಾಂಪಲ್ ಈ ಬಾಗಿಲು ದಾಟಬಾರದು ಎಂಬುದು ಸರ್ ಅವರ ಕಟ್ಟಪ್ಪಣೆ. ಎನ್.ಎಂ.ಆರ್.ಗೆ ಹೋಗುವುದೂ ಒಣಗಿಯೇ ಹೋಗಬೇಕು.

ಇಷ್ಟು ಪೀಠಿಕೆ ಹಾಕಿದ್ದು ಸೆಲ್ವಿಯ ವಿಷಯ ಹೇಳುವುದಕ್ಕೆ. ನನ್ನ ಸರ್ವಿಸ್ಸಿನಲ್ಲಿ ನಾನು ಅತಿ ಹೆಚ್ಚು ಹೆದರಿದ್ದೂ, ಅತಿ ಹೆಚ್ಚು ನಿರಾಳವಾಗಿದ್ದೂ ಅದೊಂದೇ ಪ್ರಸಂಗದಲ್ಲಿ.

ಸೆಲ್ವಿ ಭದ್ರಾವತಿ ಓಲ್ಡ್ ಟೌನಿನ ಹುಡುಗಿ. ಮನೆಮಾತು ತಮಿಳು. ಅಪ್ಪ ಮಾಣಿಕ್ಕಂ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅವಳು ನಮ್ಮಲ್ಲಿ ಪಿಎಚ್.ಡಿ.ಗೆ ಸೇರಿದ್ದಳು, ಶ್ರೀಕಂಠಯ್ಯ ಸರ್ ಅವಳ ಮಾರ್ಗದರ್ಶಕರು. ಅಡಿಕೆ ಹಾಳೆಯ ನಾರಿಗೆ ಒತ್ತಡದ ಹಬೆ ಕೊಟ್ಟರೆ ಸೆಲ್ಯುಲೋಸಿನ ಸ್ಫಟಿಕದಲ್ಲಿ ಏನು ಬದಲಾಗುತ್ತದೆ ಎಂಬುದು ವಿಷಯ. ಕಷ್ಟವೆಂದರೆ, ಏನೂ ಬದಲಾಗುತ್ತಿರಲಿಲ್ಲ. ಹಬೆ ಕೊಡದ ನಾರು, ಸ್ವಲ್ಪ ಕೊಟ್ಟದ್ದು, ತುಂಬ ಕೊಟ್ಟದ್ದು, ಎಲ್ಲದರ ಗೆರೆಯೂ ಒಂದೇ ತರಹ ಮೊಂಡಾಗಿ ಬರುತ್ತಿತ್ತು. ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಏನೂ ಆಗಲಿಲ್ಲ ಎಂದು ಬರೆದು ಪದವಿ ತೆಗೆದುಕೊಳ್ಳುವುದು ಹೇಗೆ ಎಂದು ಅವಳು ಒಳಗೊಳಗೇ ಕೊರಗುತ್ತಿದ್ದಳು.

ಹೀಗಿರುವಾಗ, ಹಳೆಯ ಸ್ಯಾಂಪಲ್ಲುಗಳಲ್ಲಿ ತುಂಬ ಹಬೆ ಕೊಟ್ಟ ಒಂದನ್ನು ಮತ್ತೊಮ್ಮೆ ಓಡಿಸಿ ನೋಡೋಣವೆಂದು ಅವಳೊಬ್ಬಳೇ ಬೆಂಗಳೂರಿಗೆ ಹೋಗಿಬಂದಳು. ಈ ಸಲ ಗೆರೆ ನೋಡಿ ನಾವೆಲ್ಲ ದಂಗಾದೆವು. ಶಿಖರಗಳು ಚೂಪಾಗಿ ಎದ್ದು ನಿಂತಿದ್ದವು, ಒಳಗಿನವರು ಬೇರೆ ಅಂಚಿನವರು ಬೇರೆ ಎಂದು ಕಣ್ಣಿಗೇ ಕಾಣುತ್ತಿತ್ತು. ಸೆಲ್ವಿ ಕುಣಿದಾಡುವುದೊಂದು ಬಾಕಿ.

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದವರೆಲ್ಲ ಸೇರುವ ಮೀಟಿಂಗಿನಲ್ಲಿ ಅವಳು ಅದನ್ನು ಪರದೆಯ ಮೇಲೆ ತೋರಿಸಿದಳು. ಸರ್ ಕನ್ನಡಕ ಏರಿಸಿಕೊಂಡು ನೋಡಿದರು. ಅದೇ ಸ್ಯಾಂಪಲ್ ಹೋದ ವರ್ಷ ಮೊಂಡಾಗಿತ್ತು, ಈ ವರ್ಷ ಚೂಪಾಯಿತೇ ಎಂದು ಕೇಳಿದರು.

"ಇಷ್ಟು ಚೂಪು ಶಿಖರ ಬರೋದು ಹತ್ತಿಗೆ ಕಣಮ್ಮ, ಹಾಳೆಗಲ್ಲ. ಹತ್ತಿ ಬೆರೆಸಿದ್ದೀಯ ನೀನು."

ಇಷ್ಟನ್ನೇ ಹೇಳಿ ಅವರು ಎದ್ದು ಹೋದರು. ಹತ್ತಿಯ ಸೆಲ್ಯುಲೋಸ್ ಬಹಳ ಶಿಸ್ತಿನದು, ಚಿಟಿಕೆಯಷ್ಟು ಬೆರೆಸಿದರೂ ಗೆರೆ ಚೆಂದವಾಗುತ್ತದೆ ಎಂಬುದು ನಿಜವೇ. ನಮ್ಮ ಕಪಾಟಿನಲ್ಲಿ ಹತ್ತಿ ಇದ್ದದ್ದೂ ನಿಜ. ಇವಳ ಪ್ರಬಂಧಕ್ಕೆ ನಾನು ಸಹಿ ಹಾಕುವುದಿಲ್ಲ, ವಿಶ್ವವಿದ್ಯಾಲಯಕ್ಕೆ ಬರೆಯುತ್ತೇನೆ ಎಂದು ಸರ್ ಸಂಜೆ ನನಗೆ ಹೇಳಿದರು. ಸಂಶೋಧನೆಯಲ್ಲಿ ಫಲಿತಾಂಶ ಬರದಿದ್ದರೆ ಸಹಿಸಿಕೊಳ್ಳಬಹುದು. ಮೋಸ ಮಾಡಿದವಳು ಎಂಬ ಹೆಸರು ಬಂದರೆ ಆ ಮನುಷ್ಯರಿಗೆ ಮತ್ತೆ ಯಾವ ಪ್ರಯೋಗಾಲಯದ ಬಾಗಿಲೂ ತೆರೆಯುವುದಿಲ್ಲ. ಒಂದು ವಾರ ಸಮಯ ಕೊಡಿ ಎಂದು ನಾನು ಬೇಡಿಕೊಂಡೆ. ಅವರು ಗೊಣಗಿಕೊಂಡೇ ಒಪ್ಪಿದರು.

ಸೆಲ್ವಿ ಮಾರನೆಯ ದಿನದಿಂದ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ನಾನು ಬಸ್ಸು ಹತ್ತಿ ಓಲ್ಡ್ ಟೌನಿಗೆ ಹೋದೆ. ಅವಳ ಅಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಒಳಗೆ ಕೂರಿಸಿ, ಬಹಳ ಮರ್ಯಾದೆಯಿಂದಲೇ ಕೇಳಿದರು.

"ಮೇಡಂ, ನಂಗೆ ನಿಮ್ ಸೈನ್ಸ್ ಗೊತ್ತಾಗಲ್ಲ. ಮಗಳು ತಪ್ಪು ಮಾಡಿದ್ರೆ ನಾನೇ ಬಂದು ಸಾರ್ ಕಾಲಿಗೆ ಬೀಳ್ತೀನಿ. ಮಾಡಿಲ್ಲ ಅಂದ್ರೆ ಮಾಡಿಲ್ಲ ಅಂತ ಯಾರಾದ್ರೂ ನಂಗೆ ಹೇಳ್ಬೇಕು."

ನಿಜ ಹೇಳಬೇಕೆಂದರೆ ನನಗೂ ಒಂದು ಸಣ್ಣ ಅನುಮಾನ ಇತ್ತು, ಅದಕ್ಕೇ ಹೆದರಿಕೆಯೂ ಇತ್ತು. ಸೆಲ್ವಿ ಒಳಗಿನಿಂದ ಕಾಫಿ ತಂದಳು. ಕಣ್ಣು ಊದಿಕೊಂಡಿದ್ದವು. ಹತ್ತಿಯ ಮಾತೇ ಎತ್ತದೆ, ಆ ದಿನ ಬೆಳಿಗ್ಗೆಯಿಂದ ಏನೇನು ಮಾಡಿದೆ ಎಂದು ಒಂದೂ ಬಿಡದೆ ಹೇಳು ಎಂದೆ.

ಅವಳು ಹೇಳುತ್ತ ಹೋದಳು. ಫ್ರಿಜ್ಜಿನಿಂದ ಒದ್ದೆ ನಾರು ತೆಗೆದದ್ದು, ಗಾಜಿನ ಪುಟ್ಟ ಬಾಟಲಿಗೆ ಹಾಕಿ ಬಾಯಿ ತೆರೆದು ಓವನ್ನಿನಲ್ಲಿಟ್ಟದ್ದು, ಎಂದಿನ ಹಾಗೆ ಸಂಜೆಯವರೆಗೆ ಬಿಡೋಣವೆಂದು ವಿಶ್ವವಿದ್ಯಾಲಯದ ಕಚೇರಿಗೆ ಹೋದದ್ದು. ಅಲ್ಲಿ ತಡವಾಯಿತು, ಬರುವಷ್ಟರಲ್ಲಿ ರೈಲಿನ ಹೊತ್ತಾಗಿತ್ತು. ಓಡಿಬಂದು ಫೋನಿನ ಟಾರ್ಚ್ ಹಾಕಿಕೊಂಡು ಬಾಟಲಿ ಹುಡುಕಿ, ಮುಚ್ಚಳ ಬಿಗಿದು, ಚೀಲಕ್ಕೆ ಹಾಕಿಕೊಂಡು ಹೊರಟೆ, ಬೆಂಗಳೂರಿನಲ್ಲಿ ಮುಚ್ಚಳ ತೆಗೆಯದೆ ಹಾಗೇ ಪ್ರಭಾಕರ್ ಕೈಗೆ ಕೊಟ್ಟೆ ಎಂದಳು.

"ಟಾರ್ಚ್ ಯಾಕೆ?" ಎಂದೆ.

"ಕರೆಂಟ್ ಇರ್ಲಿಲ್ಲ ಮೇಡಂ. ಕಾರಿಡಾರೆಲ್ಲ ಕತ್ಲೆ."

ನನ್ನ ಕೈಯ ಲೋಟ ಅಲ್ಲೇ ನಿಂತಿತು. ಆ ದಿನ ನನಗೂ ನೆನಪಿಗೆ ಬಂತು. ಲೈನಿನ ಕೆಲಸವೆಂದು ಊರ ಅರ್ಧಕ್ಕೆ ಬೆಳಗಿನಿಂದಲೇ ಕರೆಂಟ್ ತೆಗೆದಿದ್ದರು. ನಾನು ರಜೆ ಹಾಕಿ ಮನೆಯಲ್ಲಿದ್ದೆ, ನೀರಿನ ಟ್ಯಾಂಕ್ ತುಂಬದೆ ಪರದಾಡಿದ್ದೆ. ಸೆಲ್ವಿ ಬಾಟಲಿ ಇಟ್ಟು ಹೊರಗೆ ಹೋದ ಸ್ವಲ್ಪ ಹೊತ್ತಿಗೇ ಓವನ್ ಸತ್ತುಹೋಗಿತ್ತು. ಅಂದರೆ ಆ ನಾರು ಒಣಗಿಯೇ ಇರಲಿಲ್ಲ.

ಅಲ್ಲಿಂದಲೇ ಪ್ರಭಾಕರ್‌ಗೆ ಫೋನ್ ಮಾಡಿದೆ. ಆ ಸಲದ ಸ್ಯಾಂಪಲ್ ಹೇಗಿತ್ತು ಎಂದು ಕೇಳಿದೆ. ಒದ್ದೆಯಾಗಿತ್ತು, ಹಸಿ ಕೊಬ್ಬರಿ ತುರಿ ತುಂಬಿದ ಹಾಗೆ ತುಂಬಿದೆ, ತಿರುಗಲು ಮೊದಲು ಸ್ವಲ್ಪ ತಕರಾರು ಮಾಡಿತು ಎಂದರು. ಆಗಲೇ ಹೇಳಬಾರದಿತ್ತಾ ಎಂದರೆ, ನಿಮ್ಮ ಸರ್ ಪದ್ಧತಿ ಬದಲಾಯಿಸಿದ್ದಾರೆ ಅಂದುಕೊಂಡೆ, ಅವರಿಗೆ ನಾನು ಏನು ಹೇಳಲಿ ಎಂದರು. ಹಳೆಯ ಕೊಳವೆಯ ಸಿಟ್ಟು ಅವರಿಗಿನ್ನೂ ಆರಿರಲಿಲ್ಲ.

ನನಗೆ ನಗು ಬಂತು. ಸೌದೆ ಹೊರೆಗಳ ನಡುವೆ ನೀರು ಇರುವವರೆಗೆ ಒಂದೊಂದು ಹೊರೆಯೂ ಬೇರೆಬೇರೆಯಾಗಿ ಆರಾಮಾಗಿರುತ್ತದೆ. ನೂರಾ ಐದು ಡಿಗ್ರಿಯಲ್ಲಿ ಆ ನೀರನ್ನು ಎಳೆದು ತೆಗೆದರೆ ಹೊರೆಗಳು ಒಂದಕ್ಕೊಂದು ಅಂಟಿ ಕೂತುಬಿಡುತ್ತವೆ, ಗೆರೆ ಮೊಂಡಾಗುತ್ತದೆ. ಹಬೆ ತಂದ ಬದಲಾವಣೆ ಏನೇ ಇರಲಿ, ಅದರ ಮೇಲೆ ನಮ್ಮ ಓವನ್ ಇಸ್ತ್ರಿ ಹಾಕಿಬಿಡುತ್ತಿತ್ತು. ಕಾಗದದ ಊರಿನವರಲ್ಲದೆ ಬೇರೆ ಯಾರಾದರೂ ಆಗಿದ್ದರೆ ಇಷ್ಟು ನಿಷ್ಠೆಯಿಂದ ತಮ್ಮ ಫಲಿತಾಂಶವನ್ನು ತಾವೇ ಒಣಗಿಸಿಕೊಳ್ಳುತ್ತಿರಲಿಲ್ಲ. ಆದರೆ ಇದೆಲ್ಲ ಇನ್ನೂ ನನ್ನ ಊಹೆ. ನಿಜವಾಗಿಯೂ ಹತ್ತಿ ಇದ್ದಿದ್ದರೆ?

ಸರ್ ಹತ್ತಿರ ಹೋಗಿ ಹೇಳಿದೆ. ಒದ್ದೆ ಸ್ಯಾಂಪಲ್ಲಾ, ನೀರಿನ ಗೆರೆ ತೆಗೆಯುತ್ತೀರಾ ಎಂದು ರೇಗಿದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತರು. ತಿರುಗಿದಾಗ ಅವರ ಮುಖ ಕಾರ್ಖಾನೆಯ ದಿನಗಳಲ್ಲಿ ಕಷ್ಟದ ಲೆಕ್ಕ ಸಿಕ್ಕಾಗ ಇರುತ್ತಿದ್ದ ಹಾಗಿತ್ತು. ಅವಳ ಒದ್ದೆ ನಾರನ್ನು ಮೊದಲು ಹಾಗೇ ಓಡಿಸಿ, ಆಮೇಲೆ ಅದನ್ನೇ ಒಣಗಿಸಿ ಓಡಿಸಿ ಎಂದರು. ಪಕ್ಕದಲ್ಲಿ ಬೇಕೆಂದೇ ಹತ್ತಿ ಬೆರೆಸಿದ ಇನ್ನೊಂದನ್ನೂ ಇಡಿ ಎಂದರು. ಒಣಗಿದ ಮೇಲೂ ಅವಳ ಶಿಖರ ಚೂಪಾಗಿಯೇ ಉಳಿದರೆ ಅದು ಹತ್ತಿ, ಮೊಂಡಾದರೆ ನೀರಿನ ಕೆಲಸ. ನನಗೆ ಹೊಳೆಯದ ಹೋಲಿಕೆ ಅದು. ಮನುಷ್ಯ ಒರಟ, ಆದರೆ ಲೆಕ್ಕದಲ್ಲಿ ಯಾರಿಗೂ ಅನ್ಯಾಯ ಮಾಡುವವರಲ್ಲ. ತಾವೇ ಫೋನ್ ಮಾಡಿ ಬೆಂಗಳೂರಿನಲ್ಲಿ ಸಮಯವನ್ನೂ ಕೇಳಿ ಇಟ್ಟರು.

ಫ್ರಿಜ್ಜಿನಲ್ಲಿ ಸೆಲ್ವಿಯ ಎಲ್ಲ ನಾರೂ ಪ್ಲಾಸ್ಟಿಕ್ ಚೀಲಗಳಲ್ಲಿ ಒದ್ದೆಯಾಗಿಯೇ ಇತ್ತು. ಒಣಗಿಸುತ್ತಿದ್ದದ್ದು ಕಳಿಸುವ ಚಿಟಿಕೆಯನ್ನು ಮಾತ್ರ. ಬೇಕಾದದ್ದನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ನಾನು ಶಿವಮೊಗ್ಗದಲ್ಲಿ ರೈಲು ಹತ್ತಿದೆ, ಅವಳು ಭದ್ರಾವತಿಯಲ್ಲಿ ಹತ್ತಿದಳು. ಎದುರು ಕೂತ ಹೆಂಗಸು ಡಬ್ಬಿಯಲ್ಲಿ ಮೀನಾ ಎಂದು ಮೂಗು ಮುಚ್ಚಿಕೊಂಡೇ ಕೇಳಿದಳು. ಅಡಿಕೆ ಹಾಳೆ ಎಂದೆ. ಹಾಳೆಗೆ ಐಸ್ ಯಾಕೆ ಎಂದು ಅವಳು ಬೆಂಗಳೂರಿನವರೆಗೂ ನಮ್ಮನ್ನು ಸಂಶಯದಿಂದ ನೋಡಿದಳು. ಸೆಲ್ವಿ ಆ ವಾರದಲ್ಲಿ ಮೊದಲ ಸಲ ನಕ್ಕಳು.

ಒದ್ದೆ ನಾರಿನ ಗೆರೆ ಮತ್ತೆ ಚೂಪಾಗಿ ಬಂತು. ಆಮೇಲೆ ಅದನ್ನೂ ಹತ್ತಿ ಬೆರೆಸಿದ್ದನ್ನೂ ಅಲ್ಲಿಯ ಓವನ್ನಿನಲ್ಲಿ ಒಟ್ಟಿಗೇ ಒಣಗಿಸಿದೆವು. ಪ್ರಭಾಕರ್ ಮೊದಲು ಹತ್ತಿಯದನ್ನು ಓಡಿಸಿದರು. ಒಣಗಿಯೂ ಅದರ ಶಿಖರ ಚೂಪಾಗಿಯೇ ಇತ್ತು. ಆಮೇಲೆ ಅವಳದು. ಈ ಯಂತ್ರದಲ್ಲಿ ಗೆರೆ ಒಂದೇ ಸಲಕ್ಕೆ ಬರುವುದಿಲ್ಲ, ಸಾವಿರಾರು ಸಲ ಕೇಳಿಸಿಕೊಂಡು ಕೂಡಿಸುತ್ತ ಕೂಡಿಸುತ್ತ ಮಂಜಿನಿಂದ ಮೇಲೇಳುತ್ತದೆ. ನಾವು ಮೂವರೂ ಪರದೆಗೆ ಮುಖ ತಾಗಿಸಿ ನಿಂತಿದ್ದೆವು. ಶಿಖರ ಎದ್ದಿತು, ಅಗಲವಾಯಿತು, ಪಕ್ಕದ ದಿಬ್ಬದೊಳಗೆ ಕರಗಿ ಮೊಂಡಾಗಿ ನಿಂತಿತು. ನೀರು ಹಾಕಿ ಮತ್ತೆ ಓಡಿಸಿದರೆ ಸ್ವಲ್ಪ ಚೇತರಿಸಿಕೊಂಡಿತು, ಆದರೆ ಮೊದಲಿನಂತೆ ಆಗಲಿಲ್ಲ. ಒಮ್ಮೆ ಅಂಟಿದ್ದು ಪೂರ್ತಿ ಬಿಡುವುದಿಲ್ಲ.

ಗೆರೆ ಕೆಟ್ಟು ಬಂದದ್ದಕ್ಕೆ ನಾನು ಖುಷಿಪಟ್ಟದ್ದು ನನ್ನ ಸರ್ವಿಸ್ಸಿನಲ್ಲೇ ಅದೊಂದು ಸಲ. ಎದೆಯ ಮೇಲಿಂದ ಯಾರೋ ರುಬ್ಬುಗುಂಡು ಎತ್ತಿದ ಹಾಗಾಯಿತು. ಸೆಲ್ವಿ ಗೋಡೆಗೆ ಒರಗಿ ನೆಲದ ಮೇಲೆ ಕೂತು ಅತ್ತಳು. ಅಳಲಿ ಎಂದು ಬಿಟ್ಟೆ. ಉಳಿದ ಒದ್ದೆ ಸ್ಯಾಂಪಲ್ಲುಗಳನ್ನು ಆ ದಿನವೂ ಮಾರನೆಯ ದಿನವೂ ಓಡಿಸಿದೆವು. ಹಬೆ ಹೆಚ್ಚಿದ ಹಾಗೆ ಒಳಗಿನವರ ಶಿಖರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಅವಳು ಹುಡುಕುತ್ತಿದ್ದ ಬದಲಾವಣೆ ಅಷ್ಟು ವರ್ಷವೂ ನಮ್ಮ ಫ್ರಿಜ್ಜಿನಲ್ಲೇ ತಣ್ಣಗೆ ಕೂತಿತ್ತು.

ಗೆರೆಗಳನ್ನೆಲ್ಲ ಸರ್‌ಗೆ ಕಳಿಸಿದೆವು. ಸ್ವಲ್ಪ ಹೊತ್ತಿಗೆ ಅವರದೇ ಫೋನ್ ಬಂತು. ಸೆಲ್ವಿಗೆ ಕೊಡಿ ಎಂದರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಅವಳು ಇಲ್ಲ ಸರ್, ಊಟ ಆಗಿಲ್ಲ, ಈಗ ಹೋಗ್ತೀವಿ ಎಂದಳು. ಆ ಮನುಷ್ಯರಿಂದ ಅಷ್ಟು ಬಂದದ್ದೇ ದೊಡ್ಡದು, ಸಾಕು ಇಡಮ್ಮ ಎಂದು ನಾನು ಸನ್ನೆ ಮಾಡಿದೆ. ಅವಳು ಇಡಲಿಲ್ಲ.

"ಸರ್, ಹತ್ತಿ ಅಂತ ಎಲ್ರ ಮುಂದೆ ಹೇಳಿದ್ರಿ. ಅಲ್ಲ ಅನ್ನೋದನ್ನೂ ಎಲ್ರ ಮುಂದೇನೇ ಹೇಳಿ."

ನಾನು ಅಷ್ಟು ವರ್ಷ ಹೌದು ಸರ್ ಎಂದುಕೊಂಡೇ ಬಂದವಳು, ಅಂಥ ಮಾತು ಕನಸಿನಲ್ಲೂ ಆಡಿರಲಿಲ್ಲ. ಅವರು ಏನೆಂದರೋ ತಿಳಿಯದು, ಸರಿ ಸರ್ ಎಂದು ಅವಳು ಫೋನ್ ಇಟ್ಟಳು.

ಮುಂದಿನ ಸೋಮವಾರ ಪ್ರಯೋಗಾಲಯದವರೆಲ್ಲ ಸೇರಿದ್ದರು. ಸರ್ ಯಾವಾಗಲೂ ಕೂತೇ ಮಾತಾಡುವವರು, ಆ ದಿನ ಎದ್ದು ನಿಂತರು. ಸೆಲ್ವಿ ಹತ್ತಿ ಬೆರೆಸಿರಲಿಲ್ಲ, ಹಾಗೆ ಹೇಳಿದ್ದು ನನ್ನ ತಪ್ಪು, ಅವಳ ಕೆಲಸವನ್ನು ಹಾಳು ಮಾಡುತ್ತಿದ್ದದ್ದು ನನ್ನ ಓವನ್ ಎಂದರು. ಒಂದು ಅಕ್ಷರವನ್ನೂ ನುಂಗಲಿಲ್ಲ. ಹೇಳಿ ಮುಗಿಸಿ, ಭಾರ ಇಳಿಸಿದವರ ಹಾಗೆ ಕುರ್ಚಿಯ ಕಡೆ ತಿರುಗಿದರು.

ಸೆಲ್ವಿ ಮೇಜಿನ ಮೇಲಿದ್ದ ತನ್ನ ಫೋನನ್ನು ಅವರ ಕಡೆ ಮೆಲ್ಲಗೆ ಸರಿಸಿದಳು.

"ಸರ್, ಇನ್ನೊಂದ್ಸಲ ಹೇಳ್ತೀರಾ? ಅಪ್ಪ ಲೈನಲ್ಲಿದ್ದಾರೆ. ಅವ್ರಿಗೆ ಸರಿಯಾಗಿ ಕೇಳಿಸ್ಲಿಲ್ವಂತೆ."

ಶ್ರೀಕಂಠಯ್ಯ ಸರ್ ಅವಳನ್ನು ನೋಡಿದರು, ಫೋನನ್ನು ನೋಡಿದರು. ಆಮೇಲೆ ಬಗ್ಗಿ, ಫೋನಿಗೆ ಬಾಯಿ ಹತ್ತಿರ ತಂದು, "ಮಾಣಿಕ್ಕಂ ಅವರೇ" ಎಂದು ಕರೆದು, ಅಷ್ಟನ್ನೂ ಮೊದಲಿನಿಂದ ಮತ್ತೊಮ್ಮೆ, ಸ್ವಲ್ಪ ಜೋರಾಗಿ ಹೇಳಿದರು.